ಉಪ್ಪಿನಕಾಯಿ ಪ್ರಬಂಧ

ವಿಶ್ವವಿದ್ಯಾಲಯದ ಗ್ರಂಥಾಲಯದ ಕ್ಲರ್ಕಮ್ಮ ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಸಂಶೋಧಕರು ಆಧಾರಗ್ರಂಥಗಳ ಪಟ್ಟಿ ಇಟ್ಟುಕೊಳ್ಳೋ ಮೊಬೈಲ್ ಆ್ಯಪ್ ಮಾಡಿದ್ದಳು. ಬೆಲೆ ಇಡುವ ಮೊದಲೇ ಪ್ರೊಫೆಸರ್ ಚನ್ನವೀರಯ್ಯ ಶಿಷ್ಯರ ದಂಡು ಕಟ್ಟಿಕೊಂಡು ಬಂದರು.

"ಪುಸ್ತಕದ ಹೆಸರು ಬರೆದಿಡೋಕೂ ದುಡ್ಡೇನಮ್ಮ? ಪುಕ್ಕಟೆ ಹಾಕ್ಕೊಡು!"

"ಆಗಲಿ ಸಾರ್. ಪುಕ್ಕಟೆ ಆ್ಯಪು ನೀವು ಇಲ್ಲಿಂದ ಒಯ್ದ ಪುಸ್ತಕಗಳನ್ನಷ್ಟೇ ತೋರಿಸುತ್ತೆ. ಓದದ್ದನ್ನೂ ಸೇರಿಸೋದಾದ್ರೆ ದುಡ್ಡಿಂದು ಬೇರೆ ಇದೆ," ಎಂದು ಅವರ ಮೊಬೈಲಿಗೆ ಹಾಕಿಯೇ ಕೊಟ್ಟಳು.

ಅವರ ಮಹಾಪ್ರಬಂಧದ ಕೊನೆಯಲ್ಲಿ ನಾನೂರು ಆಧಾರಗ್ರಂಥಗಳ ಪಟ್ಟಿ ಇತ್ತು. ಮೊಬೈಲಿನಲ್ಲಿ ಬಂದದ್ದು ಒಂದೇ: 'ಉಪ್ಪಿನಕಾಯಿಯ ನೂರೆಂಟು ಬಗೆ'.

ಶಿಷ್ಯರು ಬಾಯಿಗೆ ಕರ್ಚೀಫು ಒತ್ತಿಕೊಂಡರು. ಪ್ರೊಫೆಸರರು ಇಂಗು ತಿಂದ ಮಂಗನಂತಾದರು.

"ದುಡ್ಡಿಂದೇ ಹಾಕು ತಾಯಿ. ಎಷ್ಟು?"

"ಓದದ ಒಂದೊಂದು ಪುಸ್ತಕಕ್ಕೂ ಒಂದು ರೂಪಾಯಿ ಸಾರ್. ಎಷ್ಟು ಪುಸ್ತಕ ಅಂತ ಗಟ್ಟಿಯಾಗಿ ಹೇಳಿ, ಬರ್ಕೋತೀನಿ."