ದುಂಡಗಿನ ಹಸಿರು

ಗುಡ್ಡದ ಬುಡದ ಮಠದಲ್ಲಿ ಕರಿಸಿದ್ಧಜ್ಜ ಎಂಬ ಗುರುಗಳಿದ್ದರು. ಶಿಷ್ಯ ಮಾಳಪ್ಪ ಹಿಂದೆ ಲಾರಿ ಓಡಿಸಿದವನು. ಭಕ್ತರ ವಾಹನ ನಿಲ್ಲಿಸುವುದೇ ಅವನ ಸೇವೆ.

ಒಂದು ಬೇಸಿಗೆಯ ಮಧ್ಯಾಹ್ನ ಸಾಹುಕಾರ ಅಡಿವೆಪ್ಪ ಹೊಸ ಕಾರಿನಲ್ಲಿ ಬಂದ. ಹಿಂದಿನ ಸೀಟಿನಲ್ಲಿ ಅವನ ತಾಯಿ ನೀಲವ್ವ ಮಲಗಿದ್ದಳು. ಮುದುಕಿಗೆ ಕಾಲು ಸ್ವಾಧೀನವಿರಲಿಲ್ಲ.

ಮಾಳಪ್ಪ ಜಲ್ಲಿ ಹಾಸಿದ ಅಂಗಳ ತೋರಿಸಿದ.

"ಕಲ್ಲು ಸಿಡಿದು ಬಣ್ಣ ಹೋದರ ನಿಮ್ಮ ಮಠ ಹಚ್ಚಿಸಿಕೊಡತೈತೇನು? ಹುಲ್ಲಿನ ಮ್ಯಾಲೆ ನಿಲ್ಲಿಸು. ಅವ್ವನ್ನ ಎಬ್ಬಿಸಬ್ಯಾಡ."

ಸಾಹುಕಾರ ಕೀಲಿ ಎಸೆದು ಊಟಕ್ಕೆ ಹೋದ.

ಬಯಲಿನ ಹುಲ್ಲೆಲ್ಲ ಒಣಗಿತ್ತು. ಬಿಸಿ ಸೈಲೆನ್ಸರ್ ತಾಗಿದರೆ ಒಣಹುಲ್ಲು ಹೊತ್ತಿಕೊಳ್ಳುತ್ತದೆ ಎಂಬುದು ಮಾಳಪ್ಪನಿಗೆ ಗೊತ್ತು. ನಡುವೆ ಒಂದೇ ಕಡೆ, ತಾಟಿನಂತೆ ದುಂಡಗೆ, ಹಸಿರಿತ್ತು. ಆಡುಗಳು ಅದಕ್ಕೆ ಬಾಯಿ ಹಾಕದೆ ಸುತ್ತಿ ಹೋಗುತ್ತಿದ್ದವು.

ಮಾಳಪ್ಪ ಹಿಮ್ಮಡಿಯಿಂದ ಗುದ್ದಿ ನೋಡಿದ. ಗಟ್ಟಿ ಇತ್ತು. ಕಾರು ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಿಟಕಿಯ ಗಾಜು ಇಳಿಸಿದ.

ಹತ್ತು ಹೆಜ್ಜೆ ಹೋಗಿರಲಿಲ್ಲ, ಮುದುಕಿ ಕರೆದಳು.

"ತಮ್ಮಾ, ಕೆಳಗ ಯಾರು ನೀರು ಸೇದಾಕತ್ತಾರ?"

"ಬಾವಿ ಮಠದ ಹಿತ್ತಲಾಗೈತಿ, ಅವ್ವಾ. ಕನಸು ಬಿದ್ದಿರಬೇಕು, ಮಲಕೋರಿ."

"ಕಾಲು ಹೋಗ್ಯಾವ, ಕಿವಿ ಹೋಗಿಲ್ಲ. ನೀನೇ ಕೇಳು."

ಮಾಳಪ್ಪ ನಗುತ್ತಲೇ ಹುಲ್ಲಿಗೆ ಕಿವಿ ಹಚ್ಚಿದ. ನಗು ನಿಂತಿತು.

ಬಹಳ ಆಳದಲ್ಲಿ ಒಂದು ಕೊಡ ಮುಳುಗಿತು. ಸ್ವಲ್ಪ ತಡೆದು ಇನ್ನೊಂದು. ಸರದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಸೇದುತ್ತಿರುವ ಹಾಗೆ.

ಅವನು ಗುರುವಿನ ಬಳಿ ಓಡಿದ.

"ಅಜ್ಜಾರ, ನೆಲದಾಗ ಯಾರೋ ನೀರು ಸೇದಾಕತ್ತಾರ್ರಿ."

"ಕಾರು ಎಲ್ಲಿ ನಿಲ್ಲಿಸಿದಿ?"

"ಹಸಿರು ಹುಲ್ಲಿನ ಮ್ಯಾಲ್ರಿ."

ಅಜ್ಜ ಎದ್ದು ನಿಂತರು. "ಮಠದ ಬಾಗಿಲು ಕಳಚು."

"ಯಾವುದ್ರಿ?"

"ಹೆಬ್ಬಾಗಿಲು. ಎರಡೂ ಕದ."

ಉಣ್ಣುತ್ತಿದ್ದವರೆಲ್ಲ ಎಂಜಲು ಕೈಯಲ್ಲೇ ಕದ ಹೊತ್ತರು. ಅವರು ಬರುವಷ್ಟರಲ್ಲಿ ಹಿಂದಿನ ಗಾಲಿಗಳು ಅರ್ಧ ಹೂತಿದ್ದವು.

"ಚಾಲು ಮಾಡಿ ಮುಂದಕ್ಕ ತಗಿಯೋ," ಎಂದ ಸಾಹುಕಾರ.

"ಚಾಲು ಮಾಡಿದರ ನೆಲ ನಡುಗತೈತಿ," ಎಂದರು ಅಜ್ಜ. "ನಿನಗ ಕಾರು ಬೇಕೋ, ಅವ್ವ ಬೇಕೋ?"

ಸಾಹುಕಾರ ಕಾರಿನ ಕಡೆ ನೋಡಿದ. ಉತ್ತರ ಬರುವುದು ತಡವಾಯಿತು. ಆ ತಡ ಎಲ್ಲರಿಗೂ ಕಾಣಿಸಿತು.

ಅಜ್ಜ ಕಾಯಲಿಲ್ಲ. ಕದಗಳನ್ನು ಹುಲ್ಲಿನ ಮೇಲೆ ಹಾಸಿಸಿದರು. ಮಾಳಪ್ಪ ಹೊಟ್ಟೆಯ ಮೇಲೆ ತೆವಳಿ ಹೋಗಿ, ಕಿಟಕಿಯಿಂದ ನೀಲವ್ವನ ಕಂಕುಳಿಗೆ ಕೈ ಹಾಕಿ ಎಳೆದ.

"ಮೆಲ್ಲಕ ಎಳಿಯೋ. ನಾ ಏನು ಜೋಳದ ಚೀಲೇನು?"

ಇಬ್ಬರೂ ಒಣಹುಲ್ಲಿಗೆ ಮುಟ್ಟಿದರು. ಹಿಂದೆ ಹಸಿರು ನಡುವಿನಲ್ಲಿ ತಗ್ಗಿ ಬಾಯಿ ತೆರೆಯಿತು. ಕಾರು ಹಿಂಬದಿಯಿಂದ ಇಳಿದು ಹೋಯಿತು, ಕದಗಳೂ ಹೋದವು. ಒಂದು ಉಸಿರಿನಷ್ಟು ಹೊತ್ತು ಸದ್ದಿಲ್ಲ. ಆಮೇಲೆ ನೀರಿನ ಸದ್ದು.

ಆ ಬಾಯಿಯಿಂದ ತಣ್ಣನೆಯ ಗಾಳಿ ಬಂತು. ಅದರಲ್ಲಿ ಒದ್ದೆ ಹಗ್ಗದ ವಾಸನೆಯಿತ್ತು.

"ನಾಳೆ ಕಾಂಕ್ರೀಟ್ ಸುರಿಸಿ ಮುಚ್ಚಿಬಿಡತೀನಿ," ಎಂದ ಸಾಹುಕಾರ.

ಅಂಚಿನಲ್ಲಿ ಮುರಿದ ತೊಲೆ ಕಂಡು ಮಾಳಪ್ಪ ಗುರುವಿನ ಕಡೆ ತಿರುಗಿದ. "ಈ ಬಾವಿ ಮೊದಲು ಮುಚ್ಚಿದವರು ಯಾರ್ರಿ?"

"ನಾನು. ಆಗ ನಿನ್ನಷ್ಟೇ ವಯಸ್ಸು. ಕೇರಿಯ ಹೆಂಗಸರು ಒಂದು ದಿನ ಇದರಾಗ ಕೊಡ ಇಳಿಸಿದರು. ಅವರು ಮುಟ್ಟಿದ ನೀರು ಮಠಕ್ಕ ಬ್ಯಾಡ ಅಂದರು ನನ್ನ ಗುರುಗಳು. ಹಿತ್ತಲಾಗ ಬ್ಯಾರೆ ಬಾವಿ ತೋಡಿಸಿದರು. ಇಲ್ಲಿ ತೊಲೆ ಹಾಸಿ, ಮಣ್ಣು ಸುರುವಿ, ಹುಲ್ಲು ಹಚ್ಚಿದವ ನಾನು."

"ಕೇರಿಯವರು?"

"ಗುಡ್ಡದ ಆಚೆಯಿಂದ ಹೊತ್ತು ತಂದರು. ಇವತ್ತೂ ತರತಾರ."

"ಇಷ್ಟು ವರ್ಷ ನೀವು ಸುಮ್ಮನಿದ್ದಿರಿ."

"ಇದ್ದೆ. ದಿನಾ ಆ ಸಪ್ಪಳ ಕೇಳಿಕೋತ ಸುಮ್ಮನಿದ್ದೆ."

ಮಾಳಪ್ಪ ಮೈಗಂಟಿದ ಒಣಹುಲ್ಲು ಕೊಡವಿಕೊಂಡ.

"ಈಗ ನಾ ಏನು ಮಾಡಲಿ?"

"ಕೇರಿಗೆ ಹೋಗು. ಬಾವಿ ಮುಚ್ಚಿದವನ ಹೆಸರು ಮೊದಲು ಹೇಳು. ನೀರು ಐತಿ ಅಂತ ಆಮೇಲೆ ಹೇಳು."