ಎಂಟನೆಯ ಬೆಳಗಿನ ಹಾಳೆ

"ಗುರುಗಳೇ, ಉತ್ತರವೇ ಬಾರದ ಮನೆಗೆ ಎಷ್ಟು ದಿನ ಪತ್ರ ಬರೆಯಬೇಕು?" ಎಂದು ಶಿಷ್ಯ ಸೋಮಲಿಂಗ ಕೇಳಿದ. "ಅಮ್ಮನ ತಿಥಿಯ ದಿನ ಎಲ್ಲರೆದುರು ಅಣ್ಣನಿಗೆ ಆಡಬಾರದ ಮಾತು ಆಡಿದೆ. ಅಂದಿನಿಂದ ಅವನು ಮಾತು ಬಿಟ್ಟಿದ್ದಾನೆ. ತಪ್ಪಾಯಿತೆಂದು ಎರಡು ವರ್ಷದಿಂದ ತಿಂಗಳಿಗೊಂದು ಪತ್ರ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಪ್ರತಿ ಸಲವೂ ಪತ್ರ ಪಡೆದದ್ದಕ್ಕೆ ಅವನ ರುಜು ಇರುವ ಚೀಟಿ ಅಂಚೆಯಿಂದ ಬರುತ್ತದೆ. ಅವನಿಂದ ಒಂದು ಸಾಲೂ ಬರುವುದಿಲ್ಲ. ಅವನದು ಕಲ್ಲು ಮನಸ್ಸು. ಇನ್ನು ನಿಲ್ಲಿಸಿಬಿಡುತ್ತೇನೆ."

ಗುರುಗಳು ಆಶ್ರಮಕ್ಕೆ ಬರುವ ಮೊದಲು ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. "ನಿಲ್ಲಿಸುವವನಾಗಿದ್ದರೆ ನನ್ನನ್ನು ಕೇಳಲು ಬರುತ್ತಿರಲಿಲ್ಲ. ಕುಳಿತುಕೋ" ಎಂದು ಕತೆ ಹೇಳತೊಡಗಿದರು.

ಒಬ್ಬ ಸಂಶೋಧಕಿ ಇದ್ದಳು. ಅವಳ ಊರಿನ ಹೆಂಗಸರು ಹೋಳಿಗೆ ಮಾಡಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುತ್ತಿದ್ದರು. ನಾಲ್ಕನೆಯ ದಿನಕ್ಕೇ ಹೋಳಿಗೆಗೆ ಬೂಷ್ಟು ಹಿಡಿಯುತ್ತಿತ್ತು. ಬೂಷ್ಟು ತಡೆಯುವ ವಸ್ತುವೊಂದನ್ನು ಲವಂಗದೆಣ್ಣೆಯಿಂದ ಮಾಡಬೇಕು, ಅದು ಪ್ಲಾಸ್ಟಿಕ್ಕಿನ ಮೂಲಕ ಮೆಲ್ಲಗೆ ಪೊಟ್ಟಣದೊಳಗೆ ಇಳಿಯಬೇಕು ಎಂದು ಅವಳು ಹೊರಟಳು.

ವಸ್ತು ಮಾಡುವುದೇ ಹರಸಾಹಸವಾಯಿತು. ಎಣ್ಣೆಯ ಅಣುವಿಗೆ ಬೇರೆ ಅಣುಗಳನ್ನು ಹಿಡಿಯುವ ಎರಡು ಕೈ, ಬದಲಾಗಬೇಕಾದದ್ದು ಒಂದೇ. ಏನು ಬೆರೆಸಿದರೂ ಎರಡೂ ಬದಲಾಗುತ್ತಿದ್ದವು. ಕೊನೆಗೆ ಒಂದು ಕೈಗೆ ಕವಚ ತೊಡಿಸಿ, ಇನ್ನೊಂದನ್ನು ಬದಲಿಸಿ, ಆಮೇಲೆ ಕವಚ ಕಳಚಿದಳು. ಅದಕ್ಕೆ ಒಂದು ವರ್ಷ ಹಿಡಿಯಿತು. ನಿನ್ನ ನಾಲಿಗೆಗೂ ಅಂಥ ಕವಚವೊಂದಿದ್ದಿದ್ದರೆ ತಿಥಿಯ ಊಟ ನೆಮ್ಮದಿಯಾಗಿ ಮುಗಿಯುತ್ತಿತ್ತು. ಇರಲಿ.

ಎರಡು ಗಾಜಿನ ಬಟ್ಟಲುಗಳ ನಡುವೆ ಅವಳು ಪ್ಲಾಸ್ಟಿಕ್ ಹಾಳೆ ಬಿಗಿದಳು. ಒಂದರಲ್ಲಿ ಆ ವಸ್ತುವಿನ ದ್ರವ, ಇನ್ನೊಂದರಲ್ಲಿ ಬರಿಯ ನೀರು. ದಿನಾ ಬೆಳಗ್ಗೆ ಆ ನೀರನ್ನು ಪರೀಕ್ಷಿಸಿದಳು. ಏಳು ದಿನ ಕಳೆದರೂ ಅದರಲ್ಲಿ ಏನೂ ಇರಲಿಲ್ಲ. ಹೋಳಿಗೆಯ ಹೆಂಗಸರು ಏನಾಯಿತೆಂದು ಕೇಳುವುದನ್ನೂ ಬಿಟ್ಟರು. ಎಂಟನೆಯ ಬೆಳಗ್ಗೆ ಅವಳು ಹಾಳೆ ಬಿಚ್ಚಿ, ತೊಳೆಯುವ ಪಾತ್ರೆಗಳ ಜೊತೆ ಇಟ್ಟು, ಮೇಜಿನ ಮುಂದೆ ಕುಳಿತು ಅತ್ತಳು.

ಗಾಜು ತೊಳೆಯುವ ಹೆಂಗಸು ಆ ಹಾಳೆ ಹಿಡಿದು ಬಂದಳು. "ಮೇಡಮ್ಮಾರ, ಇದನ್ನ ಮೂರು ಸಲ ತೊಳದೆ, ಲವಂಗದ ವಾಸ್ನಿ ಬಿಡವಲ್ದು. ನಮ್ಮ ಉಪ್ಪಿನಕಾಯಿ ಡಬ್ಬಿ ಆದಂಗ ಆಗೇತಿ ನೋಡ್ರಿ."

ಸಂಶೋಧಕಿ ಕಣ್ಣೊರೆಸಿಕೊಂಡು ಎದ್ದಳು. ಹಾಳೆಯನ್ನು ಒಣಗಿಸಿ ತೂಗಿದಳು. ಮೊದಲ ದಿನದ ತೂಕಕ್ಕಿಂತ ತುಸು ಹೆಚ್ಚಿತ್ತು. ವಸ್ತು ಈಚೆಗೆ ಬಂದಿರಲಿಲ್ಲ, ಆಚೆಯೂ ನಿಂತಿರಲಿಲ್ಲ. ಹಾಳೆಯೊಳಗೆ ನಡೆದು ಬರುತ್ತಿತ್ತು.

ಅವಳು ಅಂಥದೇ ಇನ್ನೊಂದು ಹಾಳೆ ಬಿಗಿದು ಕಾದಳು. ಎಂಟನೆಯ ಬೆಳಗ್ಗೆ ಬಿಚ್ಚಲಿಲ್ಲ. ಹನ್ನೆರಡನೆಯ ಬೆಳಗ್ಗೆ ನೀರಿನಲ್ಲಿ ಅದರ ಮೊದಲ ಸುಳಿವು ಸಿಕ್ಕಿತು. ಆಮೇಲೆ ಒಂದು ದಿನವೂ ತಪ್ಪದೆ ಬಂತು. ಅಷ್ಟು ದಿನ ಮೊದಲೇ ಹಾಳೆಯ ಹೊರಮೈಗೆ ಆ ವಸ್ತು ಸವರಿಟ್ಟು, ಆಮೇಲೆ ಅದರಿಂದ ಅವಳು ಪೊಟ್ಟಣ ಮಾಡಿಸಿದಳು. ಆ ಯುಗಾದಿಯ ಹೋಳಿಗೆ ಹತ್ತನೆಯ ದಿನವೂ ಕೆಟ್ಟಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಅದು ಪ್ಲಾಸ್ಟಿಕ್, ಗುರುಗಳೇ. ಅಣ್ಣನ ಒಳಗೆ ಏನಿದೆಯೆಂದು ನಾನು ತೂಗಿ ನೋಡುವುದು ಹೇಗೆ?" ಎಂದ ಸೋಮಲಿಂಗ.

ಗುರುಗಳು ನಕ್ಕರು.

"ಬೇಡ ಎಂದಿದ್ದರೆ ಅಂಚೆಯವನು ಪತ್ರವನ್ನು ನಿನಗೇ ತಂದುಕೊಡುತ್ತಿದ್ದ, ನಿನ್ನಣ್ಣ ಇಪ್ಪತ್ತನಾಲ್ಕು ಸಲ ಯಾಕೆ ರುಜು ಹಾಕಿದ?"