ಗುಡಿಯ ಬೆಕ್ಕು, ಬೀದಿಯ ಬೆಕ್ಕು

ಈಜಿಪ್ಟಿನ ಮರಳಿನಡಿಯ ಪುರಾತನ ಸಮಾಧಿಯೊಂದನ್ನು ಸಂಶೋಧಕಿ ನಾದಿಯಾ ಅಗೆಯುತ್ತಿದ್ದಳು. ಅವಳ ಹಿಂದೆಯೇ ಇಳಿದುಬಂದ ಬೀದಿಬೆಕ್ಕೊಂದು ಹಸಿದ ಹೊಟ್ಟೆಯಲ್ಲೇ ತಂಪಿಗೆ ಮುದುರಿಕೊಂಡಿತು. ಕಣ್ಣಿಗೆ ಜೊಂಪು ಹತ್ತಿದಾಗ, ಪಕ್ಕದ ಗೂಡಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಸಾವಿರಾರು ವರ್ಷ ಹಳೆಯ ಬೆಕ್ಕು ಮಾತಾಡಿತು.

“ಯಾರಮ್ಮಾ ನೀನು, ಇಷ್ಟು ಬಡಕಲು?”

“ಬೀದಿಯವಳು. ಕಲ್ಲೇಟು ತಿಂದು ಬದುಕುವವಳು. ನೀವು?”

“ನಾನು ದೇವತೆ. ಗುಡಿಯಲ್ಲೇ ಹುಟ್ಟಿದೆ. ಪೂಜಾರಿ ಕೈಯಾರೆ ಹಾಲು ಕುಡಿಸಿ ಸಾಕಿದ.”

ಬೀದಿಬೆಕ್ಕಿನ ಬಾಯಲ್ಲಿ ನೀರೂರಿತು. “ಪುಣ್ಯವಂತರು ನೀವು! ನನ್ನನ್ನೂ ಯಾರಾದರೂ ಹಾಗೆ ಸಾಕಬಾರದೇ? ಎಷ್ಟು ವರ್ಷ ಬಾಳಿದಿರಿ?”

“ವರ್ಷವೆಲ್ಲಿಯದು? ಮೊದಲ ಹಬ್ಬದವರೆಗೆ. ಹರಕೆ ಹೊತ್ತು ಬಂದ ಭಕ್ತನೊಬ್ಬ ನನ್ನತ್ತ ಬೆರಳು ತೋರಿಸಿದ. ಪೂಜಾರಿ ನನ್ನನ್ನು ಮಡಿಲಿಗೆ ಎತ್ತಿಕೊಂಡು, ‘ಬಾ ನನ್ನ ದೇವತೆ’ ಎಂದು ಕತ್ತು ನೇವರಿಸಿದ. ಸುಖಕ್ಕೆ ಕಣ್ಣು ಮುಚ್ಚಿಕೊಂಡೆ.”

“ಆಮೇಲೆ?”

“ಕತ್ತು ತಿರುಚಿದ. ಆಮೇಲೆ ಈ ಬಟ್ಟೆ, ಧೂಪ, ನಮಸ್ಕಾರ. ಭಕ್ತನ ಹರಕೆ ತೀರಿತು.”

ಬೀದಿಬೆಕ್ಕು ಬೆಚ್ಚಿ ಕಣ್ಣು ಬಿಟ್ಟಿತು. ಎದುರಿಗೆ ನಾದಿಯಾ ಹಾಲಿನ ಬಟ್ಟಲು ಹಿಡಿದು ಕೂತಿದ್ದಳು. ಅವಳ ಇನ್ನೊಂದು ಕೈ ಮೆಲ್ಲಗೆ ಅದರ ಕತ್ತಿನತ್ತ ಬರುತ್ತಿತ್ತು.

“ಬಾ ನನ್ನ ದೇವತೆ,” ಎಂದಳು.

ಬೆಕ್ಕು ಹಾಲಿನತ್ತ ತಿರುಗಿಯೂ ನೋಡದೆ, ಕಲ್ಲೇಟಿನ ಬೀದಿಗೆ ಓಟ ಕಿತ್ತಿತು.